ಗೆರೆ ಮೇಷ್ಟ್ರ ಉತ್ತರ: ರಾವಣನ ಹತ್ತನೇ ತಲೆ ಎಲ್ಲಿಡೋದು?

ಕಳೆದ ಸಂಚಿಕೆಯಲ್ಲಿ ಹಂಪಿಯ ಹಜಾರರಾಮ ಗುಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಲಿ ರಾಮಾಯಣ ಗೋಡೆಯ ಮೇಲೆ ಮೂರು ಸಾಲಾಗಿದೆ, ಕಥೆ ಪೂರ್ತಿ ನೋಡಬೇಕಾದರೆ ಗುಡಿಗೆ ಮೂರು ಸುತ್ತು ಹಾಕಬೇಕು ಅಂದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಎಲ್ಲವೂ ರಾಮಾಯಣ, ಮಹಾಭಾರತದ ಚಿತ್ರಗಳ ಮೇಲೆಯೇ. ಹಾಗಾಗಿ ಜಲವರ್ಣ ಹರಡಿದರೆ ಏನು ಮಾಡಬೇಕು, ರಬ್ಬರು ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಗಳಿಗೆ ಈ ತಿಂಗಳು ರಜೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಪಂಡಿತನಲ್ಲ. ಅರಸೀಕೆರೆ ಸುತ್ತಮುತ್ತಲಿನ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಶ್ಲೋಕದ ಅರ್ಥ ಕೇಳಿದರೆ ತಡವರಿಸುತ್ತೇನೆ. ಈ ಚಿತ್ರದಲ್ಲಿ ಕೈ ಹೇಗೆ ಓಡಿದೆ ಅಂತ ಕೇಳಿದರೆ ಸ್ವಲ್ಪ ಹೇಳಬಲ್ಲೆ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಚಿತ್ರಸ್ಪರ್ಧೆಯಲ್ಲಿ ರಾವಣನನ್ನು ಬರೆದಳು. ಎಡಕ್ಕೆ ನಾಲ್ಕು ತಲೆ, ಬಲಕ್ಕೆ ಐದು ತಲೆ ಬಂತು. ತೀರ್ಪುಗಾರರು ‘ಎರಡೂ ಕಡೆ ಸಮ ಇಲ್ಲ’ ಅಂತ ನಂಬರು ಕಡಿಮೆ ಕೊಟ್ಟರಂತೆ. ಮಗು ಅತ್ತುಬಿಟ್ಟಿತು. ಸರಿಯಾದ ರೀತಿ ಯಾವುದು ಮೇಷ್ಟ್ರೇ?
— ಒಬ್ಬ ತಾಯಿ, ಭದ್ರಾವತಿ

ಉತ್ತರ: ಮೊದಲು ಮಗಳನ್ನು ಕರೆದು ಹೇಳಿ ತಾಯಿ, ಅವಳ ಲೆಕ್ಕ ಸರಿಯಾಗಿದೆ ಅಂತ. ನಡುವೆ ಒಂದು ತಲೆ ಇಟ್ಟರೆ ಉಳಿಯುವುದು ಒಂಬತ್ತು. ಆ ತೀರ್ಪುಗಾರರು ಒಂಬತ್ತನ್ನು ಸಮಪಾಲು ಮಾಡಿ ತೋರಿಸಲಿ ನೋಡೋಣ.

ನಾನೂ ಇಲ್ಲಿ ಬಿದ್ದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಪ್ಪು ಹಲಗೆ ಮೇಲೆ ರಾವಣನನ್ನು ಬರೆದೆ. ನಡುವೆ ಒಂದು, ಆ ಕಡೆ ನಾಲ್ಕು, ಈ ಕಡೆ ನಾಲ್ಕು. ನೋಡೋಕೆ ಚೆನ್ನಾಗಿಯೇ ಇತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ‘ಸಾರ್, ಒಂದು ತಲೆ ರಾಮ ಆಗಲೇ ಕಡಿದುಬಿಟ್ಟನಾ?’ ಅಂದ. ಕ್ಲಾಸೆಲ್ಲಾ ನಗು. ಆವತ್ತಿನಿಂದ ಎಲ್ಲಿ ರಾವಣ ಕಂಡರೂ ನಿಂತು ತಲೆ ಎಣಿಸುತ್ತೇನೆ.

ಈ ಒಂಬತ್ತರ ಕಷ್ಟ ಎಲ್ಲಾ ಕಾಲದ ಕಲಾವಿದರಿಗೂ ಇತ್ತು. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಲವರು ನಿಮ್ಮ ಮಗಳ ಹಾಗೆ ನಾಲ್ಕು–ಐದು ಮಾಡಿ ಸುಮ್ಮನಾದರು. ಕಲ್ಲು ಕೆತ್ತುವವರಿಗೆ ಒಂದು ಅನುಕೂಲ. ಮುಂದೆ ಕಾಣುವಷ್ಟು ಕೆತ್ತಿದರೆ ಸಾಕು, ಉಳಿದವು ಹಿಂದಿವೆ ಅಂತ ನಾವೇ ಅಂದುಕೊಳ್ಳುತ್ತೇವೆ. ಕಾಂಬೋಡಿಯಾದ ಅಂಗ್‌ಕೋರ್ ವಾಟ್‌ನಲ್ಲಿ ಲಂಕೆಯ ಯುದ್ಧದ ದೊಡ್ಡ ಕೆತ್ತನೆ ಇದೆ. ಅಲ್ಲಿನ ರಾವಣನ ತಲೆಗಳು ಗೋಪುರದ ಹಾಗೆ ಒಂದರ ಮೇಲೊಂದು ಏರಿವೆ. ಉತ್ತರ ಭಾರತದ ಹಳೆಯ ಸಣ್ಣಳತೆಯ ವರ್ಣಚಿತ್ರಗಳಲ್ಲಿ ಇನ್ನೊಂದು ತಮಾಷೆ ಕಾಣುತ್ತದೆ. ಸಾಲು ತಲೆಗಳ ನೆತ್ತಿಯ ಮೇಲೆ ಒಂದು ಕತ್ತೆ ತಲೆ! ಜಾವಾದ ತೊಗಲುಗೊಂಬೆಯವರು ಈ ರಗಳೆಯೇ ಬೇಡ ಅಂದುಕೊಂಡರು. ಅಲ್ಲಿ ಅವನ ಹೆಸರು ದಶಮುಖ ಅಂತಲೇ ಇದೆ, ಗೊಂಬೆಗೆ ಮುಖ ಮಾತ್ರ ಒಂದೇ. ನಮ್ಮ ಯಕ್ಷಗಾನದ ರಾವಣನೂ ಸಾಮಾನ್ಯವಾಗಿ ಒಂದೇ ತಲೆಯಲ್ಲಿ ಇಡೀ ರಾತ್ರಿ ಆರ್ಭಟಿಸುತ್ತಾನೆ. ಯಾರೂ ಉಳಿದ ಒಂಬತ್ತನ್ನು ಕೇಳುವುದಿಲ್ಲ.

ಮಗಳಿಗೆ ಒಂದು ಉಪಾಯ ಹೇಳಿಕೊಡಿ. ನಡುವೆ ಒಂದು, ಎರಡೂ ಕಡೆ ನಾಲ್ಕು ನಾಲ್ಕು, ಹತ್ತನೆಯದು ನಡುತಲೆಯ ಕಿರೀಟದ ಮೇಲೆ ಚಿಕ್ಕದಾಗಿ. ಪಕ್ಕದ ತಲೆಗಳು ಹೊರಗೆ ಹೋದ ಹಾಗೆ ಸಣ್ಣದಾಗಲಿ. ಆಗ ದೂರ ಹತ್ತಿರ ತಾನೇ ಬರುತ್ತದೆ. ಕೈಗಳ ಚಿಂತೆ ಬೇಡ. ಇಪ್ಪತ್ತು ಕೈ, ಹತ್ತು ಹತ್ತು ಸಲೀಸಾಗಿ ಹಂಚಿಹೋಗುತ್ತವೆ. ಕತ್ತೆ ತಲೆಯ ವಿಷಯವನ್ನೂ ಹೇಳಿ, ಅಳು ನಿಲ್ಲುತ್ತದೆ.

ಪ್ರಶ್ನೆ: ಹಳೇಬೀಡಿಗೆ ಹೋಗಿದ್ದೆವು. ಗೈಡ್ ‘ಇದು ರಾಮಾಯಣ, ಅದು ಮಹಾಭಾರತ’ ಅಂತ ಬೆರಳು ತೋರಿಸಿ ಮುಂದೆ ನಡೆದರು. ಅರ್ಧ ಗಂಟೆಯಲ್ಲಿ ಎಲ್ಲಾ ಮುಗಿಯಿತು. ನನಗೆ ಎಲ್ಲಾ ಗೊಂಬೆಗಳೂ ಒಂದೇ ತರ ಕಂಡವು. ಆ ಗೋಡೆಯನ್ನು ಹೇಗೆ ಓದಬೇಕು?
— ಓದುಗರು, ತುಮಕೂರು

ಉತ್ತರ: ಅರ್ಧ ಗಂಟೆಯಲ್ಲಿ ಹಳೇಬೀಡು ನೋಡುವುದು, ಮದುವೆ ಮನೆಗೆ ಹೋಗಿ ಎಲೆ ಹಾಕುವ ಮೊದಲೇ ಎದ್ದು ಬಂದ ಹಾಗೆ. ಇನ್ನೊಂದು ಸಲ ಹೋಗಿ. ಬೆಳಗ್ಗೆ ಬೇಗ ಹೋಗಿ, ಇಲ್ಲಾ ಸಂಜೆ ನಾಲ್ಕರ ಮೇಲೆ ಹೋಗಿ. ನೆತ್ತಿ ಮೇಲಿನ ಬಿಸಿಲಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಓರೆ ಬಿಸಿಲು ಬಿದ್ದರೆ ಅದೇ ಗೊಂಬೆಗೆ ಮೂಗು, ಕಣ್ಣು, ಹೊಟ್ಟೆ ಎಲ್ಲಾ ಬರುತ್ತವೆ.

ಹೊಯ್ಸಳೇಶ್ವರ ಗುಡಿಯ ಜಗತಿ, ಅಂದರೆ ಗುಡಿ ನಿಂತಿರುವ ಕಟ್ಟೆ, ಹತ್ತಿ ನಿಂತುಕೊಳ್ಳಿ. ಗೋಡೆಯ ಕೆಳಭಾಗದಲ್ಲಿ ಸಾಲು ಸಾಲು ಪಟ್ಟಿಗಳಿವೆ. ಕೆಳಗಿನಿಂದ ಎಣಿಸಿ. ಮೊದಲು ಆನೆ. ಆಮೇಲೆ ಸಿಂಹ. ಬಳ್ಳಿ. ಕುದುರೆ. ಮತ್ತೆ ಬಳ್ಳಿ. ಆರನೆಯದೇ ನಮ್ಮ ಕಥೆಯ ಸಾಲು. ಅದರ ಮೇಲೆ ಮಕರ, ಅದರ ಮೇಲೆ ಹಂಸ. ಸುಮಾರಾಗಿ ಎಲ್ಲರೂ ಆನೆ ನೋಡಿ, ಒಂದು ಫೋಟೊ ಹೊಡೆದು, ಕತ್ತೆತ್ತಿ ಮೇಲಿನ ದೊಡ್ಡ ದೇವರುಗಳನ್ನು ನೋಡುತ್ತಾರೆ. ನಡುವಿನ ಆ ಗೇಣುದ್ದದ ಸಾಲಿನಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಕಥೆ ಎಲ್ಲಾ ಓಡುತ್ತಿರುತ್ತದೆ. ಅದು ಕಣ್ಣಿಗೇ ಬೀಳುವುದಿಲ್ಲ.

ಈಗ ಮುಖ್ಯವಾದ ಮಾತು. ಪ್ರದಕ್ಷಿಣೆ ಬರುವಾಗ ಗುಡಿ ನಮ್ಮ ಬಲಗಡೆ ಇರುತ್ತದೆ ಅಲ್ವಾ? ಹಾಗೇ ನಡೆಯುತ್ತಾ ಒಂದು ಕಡೆ ನಿಂತು ಗೋಡೆಗೆ ಮುಖ ಮಾಡಿ. ಮುಂದಿನ ದೃಶ್ಯ ನಿಮ್ಮ ಎಡಕ್ಕಿದೆ. ಅಂದರೆ ಕಥೆ ಬಲದಿಂದ ಎಡಕ್ಕೆ ಹೋಗುತ್ತದೆ. ನಮ್ಮ ಕಣ್ಣಿಗೆ ಕನ್ನಡ ಓದಿ ಎಡದಿಂದ ಬಲಕ್ಕೆ ಹೋಗುವ ಅಭ್ಯಾಸ. ಹಾಗಾಗಿ ಎಷ್ಟೋ ಜನ ಕಥೆಯನ್ನು ಬಾಲದಿಂದ ಓದಿ, ಏನೂ ಅರ್ಥವಾಗಲಿಲ್ಲ ಅನ್ನುತ್ತಾರೆ. ಕಾಲು ಹೋದ ಕಡೆ ಕಥೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಆ ಗೋಡೆಯನ್ನು ಮಾಡಿದ್ದು ನಡೆಯುವವರಿಗೆ.

ಇದಕ್ಕೂ ಒಂದು ಅಪವಾದ ಇದೆ, ನನಗೆ ತುಂಬಾ ಇಷ್ಟವಾದದ್ದು. ತರೀಕೆರೆ ತಾಲ್ಲೂಕಿನ ಅಮೃತಾಪುರ. 1196ರ ಅಮೃತೇಶ್ವರ ಗುಡಿ. ಅಲ್ಲಿ ಮಂಟಪದ ಸುತ್ತಿನ ಗಿಡ್ಡ ಗೋಡೆಯ ಮೇಲೆ 140 ಚೌಕಟ್ಟುಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಬಾಲ್ಯ, 45ರಲ್ಲಿ ಮಹಾಭಾರತ. ಉತ್ತರದ ಕಥೆಗಳು ಎಲ್ಲಾ ಕಡೆಯಂತೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಹೋಗುತ್ತವೆ. ರಾಮಾಯಣ ಮಾತ್ರ ಉಲ್ಟಾ. ಹೀಗೆ ಲೆಕ್ಕ ಹಾಕಿದರೆ ಗುಡಿಯ ಮುಂಬಾಗಿಲಲ್ಲಿ ನಿಂತವನಿಗೆ ಎರಡೂ ಬದಿಯ ಕಥೆಗಳು ಅವನ ಕಡೆಗೇ ಬರುತ್ತವೆ. ಮೊದಲ ಸಲ ಹೋದಾಗ ನಾನು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಜಂಬದಿಂದ ಪ್ರದಕ್ಷಿಣೆ ದಿಕ್ಕಿನಲ್ಲೇ ವಿವರಿಸುತ್ತಾ ಹೊರಟೆ. ಪಟ್ಟಾಭಿಷೇಕದಿಂದ ಶುರುವಾಗಿ ರಾಮ ಚಿಕ್ಕವನಾಗುತ್ತಾ ಬಂದ. ಮಕ್ಕಳಿಗೆ ಗೊತ್ತಾಯಿತು, ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಗುರುತು ಹಿಡಿಯುವುದು ಹೇಗೆ? ಮುಖ ನೋಡಬೇಡಿ. ಮುಖಗಳು ಹೆಚ್ಚುಕಮ್ಮಿ ಒಂದೇ. ಕೈಯಲ್ಲಿ ಏನಿದೆ ನೋಡಿ. ಬಿಲ್ಲು ಹಿಡಿದ ಇಬ್ಬರು ಜೊತೆಗಿದ್ದು ಸುತ್ತ ಬಾಲಗಳಿದ್ದರೆ ರಾಮಾಯಣ. ಗದೆ ಹಿಡಿದವನು ಆನೆ ಮೇಲೆ ಬೀಳುತ್ತಿದ್ದರೆ ಭೀಮ ಇರಬಹುದು. ಒಬ್ಬನೇ ಮನುಷ್ಯ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಬಂದರೆ ಗಾಬರಿ ಬೇಡ. ಅದು ಅಣ್ಣತಮ್ಮಂದಿರಲ್ಲ, ಅವನೇ. ಸಮಯ ಮುಂದೆ ಹೋಗಿದೆ ಅಷ್ಟೇ. ಮರವೋ ಕಂಬವೋ ನಡುವೆ ಬಂದರೆ ದೃಶ್ಯ ಬದಲಾಯಿತು ಅಂತ.

ಹಳೇಬೀಡಿನಲ್ಲಿ ಚಕ್ರವ್ಯೂಹದ ಕೆತ್ತನೆಯನ್ನು ಹುಡುಕದೆ ಬರಬೇಡಿ. ಅಭಿಮನ್ಯು ಒಳಹೊಕ್ಕ ವ್ಯೂಹವನ್ನು ಸುರುಳಿಯಾಗಿ ಕೆತ್ತಿದ್ದಾನೆ ಶಿಲ್ಪಿ. ಸುರುಳಿ ಮೇಲಿನಿಂದ ಕಂಡ ಹಾಗಿದೆ. ಅದರೊಳಗಿನ ಮನುಷ್ಯರು ಪಕ್ಕದಿಂದ ಕಂಡ ಹಾಗಿದ್ದಾರೆ. ನಮ್ಮ ಪಾಠದ ಪ್ರಕಾರ ಇದು ತಪ್ಪು. ಒಂದು ಚಿತ್ರಕ್ಕೆ ಒಂದೇ ನೋಟ ಇರಬೇಕು ಅಂತ ನಾನೇ ಸಾವಿರ ಸಲ ಹೇಳಿದ್ದೇನೆ. ಆದರೆ ದಾರಿ ತಪ್ಪುವುದನ್ನು ತೋರಿಸಬೇಕು, ತಪ್ಪಿದವನನ್ನೂ ತೋರಿಸಬೇಕು. ಅಂಗೈಯಗಲದ ಜಾಗದಲ್ಲಿ ಬೇರೆ ಹೇಗೆ ಮಾಡುತ್ತೀರಿ? ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕೆಲಸ ಸಾಧ್ಯವಾಗಿದ್ದು ಅದರಿಂದಲೇ. ಅದೇ ಕೆಲಸವನ್ನು ಹಂಪಿಯ ಕಣಶಿಲೆಯಲ್ಲಿ (ಗ್ರಾನೈಟಿನಲ್ಲಿ) ಮಾಡು ಅಂದರೆ ಆ ಶಿಲ್ಪಿ ಉಳಿಯನ್ನು ನಿಮ್ಮ ಕೈಗೇ ಕೊಟ್ಟು ಹೋಗುತ್ತಿದ್ದ.

ಇಷ್ಟೆಲ್ಲಾ ಕಷ್ಟ ಬೇಡ ಅನ್ನುವವರು ಪಟ್ಟದಕಲ್ಲಿಗೆ ಹೋಗಿ. ಅಲ್ಲಿನ ಪಾಪನಾಥ ಗುಡಿಯ ಗೋಡೆಯ ರಾಮಾಯಣದಲ್ಲಿ ಪಾತ್ರಗಳ ಹತ್ತಿರ ಹೆಸರನ್ನೂ ಕೆತ್ತಿದ್ದಾರೆ. ಎಂಟನೇ ಶತಮಾನದಲ್ಲೇ ಯಾರೋ ಯೋಚನೆ ಮಾಡಿದ್ದಾರೆ, ಜನಕ್ಕೆ ಗೊತ್ತಾಗಲ್ಲ ಅಂತ.

ಪ್ರಶ್ನೆ: ಮಹಾಭಾರತ ಯುದ್ಧದ ಚಿತ್ರ ಮನೆಯಲ್ಲಿಟ್ಟರೆ ಜಗಳ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಹೌದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಮನೆಯಲ್ಲಿ ಗೀತೋಪದೇಶದ ಚಿತ್ರ ಇದೆಯಾ ನೋಡಿ. ರಥ, ನಾಲ್ಕು ಬಿಳಿ ಕುದುರೆ, ಕೈಮುಗಿದ ಅರ್ಜುನ. ಬಹುಶಃ ಅತ್ತೆಯವರೇ ತಂದು ಹಾಕಿರುತ್ತಾರೆ. ಅದೂ ಕುರುಕ್ಷೇತ್ರವೇ, ಹಿಂದೆ ಎರಡೂ ಕಡೆ ಸೈನ್ಯ ನಿಂತಿದೆ. ಇದನ್ನು ಅತ್ತೆಗೆ ಹೇಳಬೇಡಿ. ಹೇಳಿದರೆ ಜಗಳ ಖಂಡಿತ.

ಪ್ರಶ್ನೆ: ನಮ್ಮ ಅಜ್ಜನ ಮನೆ ಜಗುಲಿಯಲ್ಲಿ ಹಂಸದ ಜೊತೆ ಮಾತಾಡುವ ದಮಯಂತಿಯ ದೊಡ್ಡ ಚಿತ್ರ ಇದೆ. ಸೀರೆಯ ಮೇಲೆ ನಿಜವಾದ ಜರಿ, ಮಣಿ ಅಂಟಿಸಿದ್ದಾರೆ. ರವಿವರ್ಮನದು ಅನ್ನುತ್ತಾರೆ. ಅಸಲಿಯಾ? ತುಂಬಾ ಬೆಲೆ ಬರುತ್ತದಾ? ಗಾಜಿನ ಒಳಗೆಲ್ಲ ಕಲೆ ಆಗಿದೆ, ಒರೆಸಬಹುದಾ?
— ಓದುಗರು, ಶಿರಸಿ

ಉತ್ತರ: ಮೂರೂ ಪ್ರಶ್ನೆಗೆ ಹಿಂದಿನಿಂದ ಉತ್ತರ ಕೊಡುತ್ತೇನೆ. ಒರೆಸಬೇಡಿ. ಬೆಲೆ ನನ್ನನ್ನು ಕೇಳಬೇಡಿ. ಅಸಲಿಯಾ ಅನ್ನುವುದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ತೈಲವರ್ಣದಲ್ಲಿ ಕ್ಯಾನ್ವಾಸ್ ಮೇಲೆ ಬರೆದ. ಹಂಸ ದಮಯಂತಿಯನ್ನೂ ಹಾಗೇ ಬರೆದ. ಅಂಥ ಕೈಬರಹದ ಚಿತ್ರಗಳು ಹೆಚ್ಚಾಗಿ ಅರಮನೆಗಳಿಗೆ ಹೋದವು. ಬರೋಡದ ಮಹಾರಾಜರು 14 ಪುರಾಣ ಚಿತ್ರ ಬರೆಸಿದರು. ನಮ್ಮ ಮೈಸೂರಿನ ಅರಸರೂ ಅವನ ಕೊನೆಯ ವರ್ಷಗಳಲ್ಲಿ ಬರೆಸಿದರು. ಸಮುದ್ರರಾಜನ ಗರ್ವ ಇಳಿಸುವ ರಾಮ, ಸಂಧಾನಕ್ಕೆ ಬಂದ ಕೃಷ್ಣ, ಇವೆಲ್ಲಾ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದವು. 1906ರಲ್ಲಿ ಅವನು ತೀರಿಕೊಂಡ.

ಆದರೆ ಅರಮನೆಗೆ ಎಲ್ಲರೂ ಹೋಗಲು ಆಗುತ್ತಿರಲಿಲ್ಲ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಒಂದು ಮುದ್ರಣಾಲಯ ಶುರು ಮಾಡಿದ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವುದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮೇಲೆ ವಾರ್ನಿಷ್ ಕೊಟ್ಟರೆ ತೈಲಚಿತ್ರದ ಹಾಗೇ ಮಿರುಗುತ್ತಿತ್ತು. ಮೊದಲು ಅಚ್ಚಾದದ್ದು ಶಕುಂತಲೆಯ ಜನನ. ಆಮೇಲೆ ಮುದ್ರಣಾಲಯ ಲೋಣಾವಳದ ಹತ್ತಿರದ ಮಳವ್ಲಿಗೆ ಹೋಯಿತು. (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ. ಒಬ್ಬರು ಅಲ್ಲಿಗೆ ಹುಡುಕಿಕೊಂಡು ಹೋಗಿದ್ದರು!) ಸಾಲ ಜಾಸ್ತಿಯಾಗಿ ಕೊನೆಗೆ ಅದನ್ನು ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಿದರು. ಅಚ್ಚು ಮಾತ್ರ ನಿಲ್ಲಲಿಲ್ಲ. ನಿಮ್ಮ ಅಜ್ಜನ ಜಗುಲಿಯಲ್ಲಿ ಇರುವುದು ಬಹಳ ಮಟ್ಟಿಗೆ ಅಂಥದ್ದೊಂದು ಅಚ್ಚು.

ಪರೀಕ್ಷೆ ಸುಲಭ. ಒಂದು ಭೂತಗನ್ನಡಿ ತನ್ನಿ. ದಮಯಂತಿಯ ಕೆನ್ನೆಯನ್ನು ನೋಡಿ. ಕುಂಚದ ಎಳೆ ಕಂಡರೆ ಕೈಬರಹ. ಉದುರಿದ ರಾಗಿಯ ಹಾಗೆ ಅಡ್ಡಾದಿಡ್ಡಿ ಚುಕ್ಕಿ ಕಂಡರೆ ಹಳೆಯ ಕಲ್ಲಚ್ಚು. ನಾಟಿ ಮಾಡಿದ ಗದ್ದೆಯ ಹಾಗೆ ಚುಕ್ಕಿಗಳು ಸಾಲು ಹಿಡಿದಿದ್ದರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಕೆಳಗಿನ ಅಂಚಿನಲ್ಲಿ ಮುದ್ರಣಾಲಯದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಸಣ್ಣದಾಗಿ ಇರುತ್ತದೆ. ಕಾರ್ಲಾ, ಲೋಣಾವಳ, ಮಳವ್ಲಿ ಈ ಯಾವುದಾದರೂ ಹೆಸರು ಕಂಡರೆ ಸಂತೋಷಪಡಿ.

ಈ ಅಂಚಿನ ವಿಷಯದಲ್ಲಿ ನನ್ನ ಹೊಟ್ಟೆಯುರಿ ಹೇಳಿಕೊಳ್ಳಬೇಕು. ನಮ್ಮ ಮಾವನ ಮನೆಯಲ್ಲಿ ಇಂಥದ್ದೇ ಒಂದು ಚಿತ್ರ ಇತ್ತು. ಕಟ್ಟು ಹುಳ ಹಿಡಿದಿತ್ತು. ಹೊಸ ಕಟ್ಟು ಹಾಕಿಸೋಣ ಅಂತ ಪೇಟೆಯ ಒಂದು ಅಂಗಡಿಗೆ ಕೊಟ್ಟು ಬಂದೆ. ವಾರ ಬಿಟ್ಟು ಹೋದರೆ ಚಿತ್ರ ಥಳಥಳ ಅನ್ನುತ್ತಿದೆ. ಕೆಳಗಿನ ಅಂಚೇ ಇಲ್ಲ! ‘ಸೈಜಿಗೆ ಬರಲಿಲ್ಲ ಸಾರ್, ಬರೀ ಬಿಳಿ ಪೇಪರ್ ಇತ್ತು, ಕತ್ತರಿಸಿದೆ’ ಅಂದರು. ಆ ಬಿಳಿ ಪೇಪರಿನಲ್ಲೇ ಎಲ್ಲಾ ಇದ್ದದ್ದು. ಅವರದೂ ತಪ್ಪಲ್ಲ. ಏನು ಮುಟ್ಟಬಾರದು ಅಂತ ನಾನು ಹೇಳಿರಲಿಲ್ಲ. ನೀವು ಕಟ್ಟು ಬಿಚ್ಚಿಸುವುದಾದರೆ ಪಕ್ಕದಲ್ಲೇ ಕೂತು ಬಿಚ್ಚಿಸಿ.

ಒದ್ದೆ ಬಟ್ಟೆ ಹತ್ತಿರ ತರಬೇಡಿ. ನಿಂಬೆಹಣ್ಣು, ಬ್ರೆಡ್ಡಿನ ಚೂರು, ಈ ಮೊಬೈಲಿನಲ್ಲಿ ಬರುವ ಮನೆಮದ್ದು ಯಾವುದೂ ಬೇಡ. ಗಾಜನ್ನು ಹೊರಗಿನಿಂದ ಒರೆಸಿ, ಅಷ್ಟೇ. ಶಿರಸಿಯ ಮಳೆಗಾಲಕ್ಕೆ ಕಾಗದಕ್ಕೆ ಬೂಷ್ಟು ಬರದೇ ಇರುತ್ತದಾ? ಹೊರಗೋಡೆಯಿಂದ ತೆಗೆದು ಒಳಗೋಡೆಗೆ ಹಾಕಿ. ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ಚೂರು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ. ನೇರ ಬಿಸಿಲು ಬೀಳದಿರಲಿ. ಕಲೆ ದೊಡ್ಡದಾಗುತ್ತಾ ಹೋದರೆ ಕಾಗದ ರಿಪೇರಿ ಗೊತ್ತಿರುವ ಸಂರಕ್ಷಕರಿಗೆ ತೋರಿಸಿ.

ಜರಿಯನ್ನು ಕೀಳಬೇಡಿ. ಕೈಮುಗಿದು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಚ್ಚಿನ ಚಿತ್ರಕ್ಕೆ ಬಟ್ಟೆ, ಮಣಿ, ಜರಿ ಅಂಟಿಸಿ ಸಿಂಗರಿಸುತ್ತಿದ್ದರು. ಸಾವಿರಾರು ಅಚ್ಚಿನಲ್ಲಿ ಒಂದಾಗಿದ್ದ ಆ ಚಿತ್ರ ನಿಮ್ಮ ಅಜ್ಜಿಯದೋ ಮುತ್ತಜ್ಜಿಯದೋ ಕೈ ಬಿದ್ದ ಮೇಲೆ ಒಂದೇ ಒಂದಾಯಿತು. ಅಸಲಿಯಾ ಅಂತ ಕೇಳಿದಿರಲ್ಲ, ಆ ಸೀರೆ ಮಾತ್ರ ಪೂರ್ತಿ ಅಸಲಿ.

ಪ್ರಶ್ನೆ: ರಾಮನಿಗೆ ಒಂದು ಚಿತ್ರದಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು. ಯಾವುದು ಸರಿ? ಮೊಮ್ಮಗ ಕೇಳುತ್ತಿದ್ದಾನೆ, ಮನುಷ್ಯರು ನೀಲಿ ಇರುತ್ತಾರಾ ಅಂತ.
— ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು

ಉತ್ತರ: ಎರಡೂ ಒಂದೇ ಶಬ್ದದಿಂದ ಬಂದವು. ಶ್ಯಾಮ. ಅಂದರೆ ಕಪ್ಪಗಿನ ಮೈ. ಚಿತ್ರ ಬರೆಯುವವನಿಗೆ ಕಪ್ಪು ಕಷ್ಟದ ಬಣ್ಣ. ಮೈಗೆಲ್ಲಾ ಕಪ್ಪು ಬಳಿದರೆ ಕಣ್ಣು, ಮೀಸೆ, ಒಡವೆಯ ಗೆರೆ ಯಾವುದೂ ಕಾಣುವುದಿಲ್ಲ. ಹಾಗಾಗಿ ಮಳೆ ಮೋಡದ ಬಣ್ಣ ಅಂದುಕೊಂಡವನು ನೀಲಿ ಹಿಡಿದ. ರಾಮರಕ್ಷಾ ಸ್ತೋತ್ರದಲ್ಲಿ ‘ದೂರ್ವಾದಲಶ್ಯಾಮಂ’ ಅಂತ ಬರುತ್ತದೆ. ದೂರ್ವೆ ಅಂದರೆ ನಮ್ಮ ಗರಿಕೆ. ಅದನ್ನು ಕೇಳಿಕೊಂಡು ಬೆಳೆದವನು ಹಸಿರು ಹಿಡಿದ. ತಂಜಾವೂರು ಶೈಲಿಯಲ್ಲಂತೂ ಬೆಣ್ಣೆ ಕೃಷ್ಣ ಎಷ್ಟೋ ಕಡೆ ಬೆಳ್ಳಗೇ ಇದ್ದಾನೆ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ. ಅರ್ಜುನನ ಹತ್ತು ಹೆಸರಿನಲ್ಲಿ ಕೃಷ್ಣ ಅನ್ನುವುದೂ ಒಂದು. ಇಬ್ಬರೂ ಕಪ್ಪು ಬಣ್ಣದವರು. ಕ್ಯಾಲೆಂಡರಿನಲ್ಲಿ ನೋಡಿ, ಇಬ್ಬರೂ ಹಾಲಿನ ಹಾಗೆ ಬೆಳ್ಳಗೆ. ದೇವರಿಗಾದರೆ ನೀಲಿ ಅಂತ ಒಂದು ದಾರಿ ಸಿಕ್ಕಿತು. ಮನುಷ್ಯರಿಗೆ ಬಿಳಿಯೇ ಗತಿ ಅಂದುಕೊಂಡರು. ನನ್ನ ಕ್ಲಾಸಿನ ಒಬ್ಬ ಹುಡುಗಿ ದ್ರೌಪದಿಗೆ ಕಂದು ಬಣ್ಣ ಹಚ್ಚಿ, ‘ನಮ್ಮಮ್ಮನ ತರ ಮಾಡಿದೀನಿ ಸಾರ್’ ಅಂದಿದ್ದಳು. ಅವಳಿಗೆ ಪೂರ್ತಿ ನಂಬರು ಕೊಟ್ಟಿದ್ದೆ. ಮೊಮ್ಮಗನಿಗೆ ಹೇಳಿ, ನೀಲಿ ಮನುಷ್ಯರು ಇರುವುದಿಲ್ಲ, ಕಪ್ಪು ಮನುಷ್ಯರನ್ನು ಬರೆಯಲು ನೀಲಿ ಬಳಸಿದರು ಅಂತ.

ಪ್ರಶ್ನೆ: ಕಾರಿನ ಹಿಂದೆ ಹಾಕುವ ಕೇಸರಿ–ಕಪ್ಪು ಹನುಮಂತ ಯಾವ ಶೈಲಿ? ಅದೂ ಕಲೆಯಾ?
— ವಿದ್ಯಾರ್ಥಿ, ಪುತ್ತೂರು

ಉತ್ತರ: ಅದನ್ನು ಬರೆದವರು ನಿಮ್ಮ ಪಕ್ಕದ ಕಾಸರಗೋಡಿನ ಕರಣ್ ಆಚಾರ್ಯ. 2015ರಲ್ಲಿ ಊರಿನ ಹುಡುಗರು ಬಾವುಟಕ್ಕೆ ಒಂದು ಹನುಮಂತ ಬೇಕು ಅಂದಿದ್ದಕ್ಕೆ ಕಂಪ್ಯೂಟರಿನಲ್ಲಿ ಬರೆದುಕೊಟ್ಟರು. ಕೋಪ ಅಲ್ಲ, ಗತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಕಲೆಯಾ ಅಂದರೆ, ಹೌದು. ಎರಡೇ ಬಣ್ಣ, ಅರ್ಧ ಮುಖ ನೆರಳು, ನೂರು ಅಡಿ ದೂರದಿಂದ ಗುರುತು ಸಿಗುತ್ತದೆ. ಅದು ಸುಲಭ ಅಲ್ಲ. ಆದರೆ ಎಲ್ಲಾ ಹನುಮಂತರೂ ಅದೇ ಆಗಿಬಿಟ್ಟರೆ ನನಗೆ ಒಪ್ಪಿಗೆ ಇಲ್ಲ. ಕೈಮುಗಿದು ಕೂತವನು, ಸಂಜೀವಿನಿ ಬೆಟ್ಟ ಹೊತ್ತವನು, ಅಶೋಕವನದಲ್ಲಿ ಉಂಗುರ ಕೊಡುವಾಗ ಪುಟ್ಟದಾಗಿ ಕುಗ್ಗಿದವನು, ಇವರನ್ನೆಲ್ಲಾ ಎಲ್ಲಿಗೆ ಕಳಿಸೋಣ?

ಪ್ರಶ್ನೆ: ಚಂದಮಾಮದ ಮುಖಪುಟದಲ್ಲಿ ಮಹಾಭಾರತದ ಚಿತ್ರ ಬರುತ್ತಿತ್ತು. ಯಾರು ಬರೆದದ್ದು?
— ಹಳೆಯ ಓದುಗರು, ಶಿವಮೊಗ್ಗ

ಉತ್ತರ: ಎಂ.ಟಿ.ವಿ. ಆಚಾರ್ಯ. ನಮ್ಮವರೇ. ಮದ್ರಾಸಿನಲ್ಲಿ ಚಂದಮಾಮಕ್ಕೆ ಕೆಲಸ ಮಾಡಿದರು, ಆಮೇಲೆ ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅವರ ಭೀಮನ ತೋಳು ನೋಡಿ ನಕಲು ಮಾಡುತ್ತಾ ನಾನು ಗಣಿತದಲ್ಲಿ ಫೇಲಾದೆ. ಅದಕ್ಕೇ ಡ್ರಾಯಿಂಗ್ ಮೇಷ್ಟ್ರಾದೆ ಅನ್ನಬಹುದು.

ಪ್ರಶ್ನೆ: ಮೈಸೂರು ಶೈಲಿಯಲ್ಲಿ ರಾಮ ಪಟ್ಟಾಭಿಷೇಕ ಬರೆಯುವ ಆಸೆ. ಗೃಹಿಣಿ, ಮಧ್ಯಾಹ್ನ ಎರಡು ಗಂಟೆ ಬಿಡುವು. ಎಲ್ಲಿಂದ ಶುರು ಮಾಡಲ್ರೀ?
— ಓದುಗರು, ಧಾರವಾಡ

ಉತ್ತರ: ಪಟ್ಟಾಭಿಷೇಕದಿಂದ ಶುರು ಮಾಡಬೇಡಿ ಅಕ್ಕಾವರೇ. ಅದರಲ್ಲಿ ರಾಮ, ಸೀತೆ, ಮೂವರು ತಮ್ಮಂದಿರು, ಹನುಮಂತ, ಋಷಿಗಳು, ವಾನರರು, ಕಂಬ, ತೋರಣ ಎಲ್ಲಾ ಇದ್ದಾರೆ. ಎರಡು ತಿಂಗಳಿಗೆ ಬೇಜಾರು ಬಂದು ಅಟ್ಟ ಸೇರುತ್ತದೆ. ಮೊದಲು ಒಂದು ಸಿಂಹಾಸನ ಬರೆಯಿರಿ, ಖಾಲಿ ಸಿಂಹಾಸನ. ಆಮೇಲೆ ಒಂದು ಕೈ, ಒಂದು ಕಿರೀಟ.

ಹಳಬರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಗೆರೆ ಹಾಕುತ್ತಿದ್ದರು. ಅದರ ಗುಣ ಏನೆಂದರೆ, ಬಟ್ಟೆಯಲ್ಲಿ ಹೊಡೆದರೆ ಹೋಗುತ್ತದೆ. ಕಾಗದಕ್ಕೆ ಗಾಯ ಆಗುವುದಿಲ್ಲ. ಒಡವೆ, ಕಿರೀಟ, ಕಂಬ ಇರುವ ಕಡೆ ಸಫೇದು (ಬಿಳಿ ಬಣ್ಣದ) ಪುಡಿ, ರೇವಲಚಿನ್ನಿ ಹಾಲು (ಮರದ ಹಳದಿ ಅಂಟು), ಗೋಂದು ಸೇರಿಸಿ ಅರೆದ ಅಂಟಿನಿಂದ ಉಬ್ಬು ಕೊಡುವುದು. ಅದರ ಮೇಲೆ ಚಿನ್ನದ ರೇಕು. ಹಳೆಯ ಸಫೇದು ಸೀಸದ್ದು, ವಿಷ. ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಈಗ ಸತುವಿನ ಬಿಳಿ ಸಿಗುತ್ತದೆ, ಅದನ್ನೇ ಬಳಸಿ.

ಉಬ್ಬು ಎಷ್ಟಿರಬೇಕು? ಕಣ್ಣು ಮುಚ್ಚಿ ಬೆರಳಾಡಿಸಿದರೆ ಗೊತ್ತಾಗಬೇಕು, ದೂರದಿಂದ ಕಾಣಬಾರದು. ತಂಜಾವೂರಿನವರು ದಪ್ಪ ಉಬ್ಬು ಕೊಡುತ್ತಾರೆ, ಕಲ್ಲು ಕೂರಿಸುತ್ತಾರೆ. ಮೈಸೂರಿನವರದು ತೆಳು, ಕೂದಲೆಳೆಯ ಕೆಲಸ. ಚಿನ್ನ ಕೂತ ಮೇಲೆ ಕಾಗದ ಇಟ್ಟು ನುಣುಪು ಕಲ್ಲಿನಿಂದ ಉಜ್ಜುವುದೇ ಕೊನೆಯ ಹಂತ. ಮೊದಲ ವರ್ಷ ಚಿನ್ನ ಕೊಳ್ಳಬೇಡಿ. ಹಳದಿ ಬಣ್ಣದಲ್ಲೇ ಕೈ ಕೂರಲಿ.

ಪ್ರಶ್ನೆ: ನಮ್ಮದು ತೊಗಲುಗೊಂಬೆ ಆಡಿಸುವ ಮನೆತನ. ಅಪ್ಪನಿಗೆ ವಯಸ್ಸಾಗಿದೆ, ಆಟ ನಿಂತು ಹತ್ತು ವರ್ಷವಾಯಿತು. ರಾಮಾಯಣದ ಗೊಂಬೆಗಳು ಪೆಟ್ಟಿಗೆಯಲ್ಲಿವೆ. ಒಬ್ಬರು ಬಂದು ಎಲ್ಲಾ ಸೇರಿಸಿ ಕೊಂಡುಕೊಳ್ಳುತ್ತೇನೆ ಅಂದರು. ನನಗೆ ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಗೊತ್ತಿಲ್ಲ. ಅಪ್ಪ ರಾಮನನ್ನೂ ರಾವಣನನ್ನೂ ಒಂದೇ ಕಟ್ಟಿನಲ್ಲಿ ಇಡಲು ಬಿಡುವುದಿಲ್ಲ. ಏನು ಮಾಡಲಿ ಸರ್?
— ಯುವಕ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಿಕ್ಕಂದಿನಲ್ಲಿ ನಮ್ಮೂರಿಗೂ ನಿಮ್ಮಂಥವರೇ ಬರುತ್ತಿದ್ದರು. ಬಿಳಿ ಪರದೆ, ಹಿಂದೆ ದೀಪ. ಮೊದಲು ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಿದ್ದರು. ನಾನು ನಿದ್ದೆ ತಡೆದುಕೊಂಡು ಕಾಯುತ್ತಿದ್ದದ್ದು ರಾವಣನ ಒಡ್ಡೋಲಗಕ್ಕೆ. ಒಂದೇ ದೊಡ್ಡ ತೊಗಲಿನಲ್ಲಿ ಸಿಂಹಾಸನ, ಮಂತ್ರಿಗಳು, ಕಂಬ ಎಲ್ಲಾ ಸೇರಿರುತ್ತಿತ್ತು. ಪರದೆ ತುಂಬಾ ಕೆಂಪು. ತೊಗಲಿಗೆ ಹೊಡೆದ ತೂತುಗಳಿಂದ ಬೆಳಕು ತೂರಿ ಒಡವೆಗಳಾಗುತ್ತಿದ್ದವು. ಅಲ್ಲಿ ಒಡವೆಗೆ ಬಣ್ಣವೇ ಇಲ್ಲ, ತೂತೇ ಒಡವೆ. ಮೈಸೂರಿನವರು ಚಿನ್ನದ ರೇಕು ಹಚ್ಚಿ ಮಾಡಿದ್ದನ್ನು ನಿಮ್ಮ ಹಿರಿಯರು ಉಳಿಯಲ್ಲಿ ತೂತು ಹೊಡೆದು ಮಾಡಿದರು.

ಮಾರುವುದು ಬಿಡುವುದು ನಿಮ್ಮ ಮನೆಯ ವಿಷಯ. ಹೊಟ್ಟೆಪಾಡು ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ಒಟ್ಟಿಗೆ ತೂಕಕ್ಕೆ ಕೊಟ್ಟ ಹಾಗೆ ಕೊಡಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಊರೂರು ತಿರುಗಿ ಕೂಡಿಸಿದ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಇದೆ. ಒಮ್ಮೆ ಹೋಗಿ ನೋಡಿ. ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ನಿಮ್ಮದೇ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ. ಅವರ ಮನೆಯವರನ್ನು ಕಂಡು ಮಾತಾಡಿ. ಗೊಂಬೆ ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ನಾನೇನು ಹೇಳಲಿ?

ಅಲ್ಲಿಯವರೆಗೆ ಇಷ್ಟು ಮಾಡಿ. ಗೊಂಬೆಗಳನ್ನು ಮಡಿಸಬೇಡಿ, ಸುತ್ತಬೇಡಿ. ಒಣಗಿದ ತೊಗಲು ಮಡಿಕೆಯಲ್ಲೇ ಒಡೆಯುತ್ತದೆ. ಚಪ್ಪಟೆಯಾಗಿ ಮಲಗಿಸಿ, ಒಂದೊಂದರ ನಡುವೆ ಒಗೆದ ಹತ್ತಿ ಬಟ್ಟೆ ಹಾಕಿ. ಎಣ್ಣೆ ಸವರಬೇಡಿ, ನ್ಯೂಸ್ ಪೇಪರ್ ಬೇಡ, ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ವರ್ಷಕ್ಕೆರಡು ಸಲ ನೆರಳಿನಲ್ಲಿ ಹರಡಿ ಹುಳ ಬಿದ್ದಿದೆಯಾ ನೋಡಿ. ರಾಮ ಒಂದು ಕಟ್ಟು, ರಾವಣ ಒಂದು ಕಟ್ಟು ಅನ್ನುವ ಅಪ್ಪನ ಮಾತನ್ನು ಹಾಗೇ ಪಾಲಿಸಿ.

ಆಮೇಲೆ ಒಂದು ರಾತ್ರಿ ಬಿಳಿ ಪಂಚೆ ಕಟ್ಟಿ, ಹಿಂದೆ ಒಂದು ಬಲ್ಬು ಹಾಕಿ. ಒಂದೊಂದೇ ಗೊಂಬೆಯನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮುಂದಿನಿಂದ ಒಂದು, ಬೆಳಕು ತೂರಿ ಬರುವಂತೆ ಒಂದು. ಯಾವ ಪಾತ್ರ, ಯಾರು ಮಾಡಿದ್ದು, ಯಾವ ಪ್ರಸಂಗದಲ್ಲಿ ಬರುತ್ತದೆ ಅಂತ ಅಪ್ಪನನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ರಾವಣನ ಗೊಂಬೆಯ ತಲೆ ಎಷ್ಟು, ಹತ್ತನೆಯದನ್ನು ಎಲ್ಲಿ ಇಟ್ಟಿದ್ದಾರೆ ಅಂತ ನನಗೊಂದು ಕಾರ್ಡು ಹಾಕಿ. ಭದ್ರಾವತಿಯ ಹುಡುಗಿಗೆ ತಿಳಿಸುತ್ತೇನೆ.